ಕಾರಿನೊಳಗೆ ಎಲ್‌ಇಡಿ ಪಟ್ಟಿ ಅಳವಡಿಸುವ ಕ್ರಮ: ಅಂಟಿಸುವ ಕೆಲಸ ಕೊನೆಗಿರಲಿ

ಕಾರಿನೊಳಗೆ ತಾವೇ ಎಲ್‌ಇಡಿ ದೀಪ ಹಾಕಿಕೊಂಡವರ ದೂರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ನಾಲ್ಕರಾಚೆಗೆ ಹೋಗುವುದಿಲ್ಲ: ಪಟ್ಟಿ ಕಿತ್ತುಬಂದು ಕಾಲಿನ ಮೇಲೆ ಜೋತುಬಿದ್ದಿದೆ, ಫ್ಯೂಸ್ ಮತ್ತೆ ಮತ್ತೆ ಸುಡುತ್ತದೆ, ದೀಪ ಮಿಣುಕುತ್ತದೆ, ಹತ್ತು ದಿನ ನಿಲ್ಲಿಸಿದ ಕಾರು ಸ್ಟಾರ್ಟ್ ಆಗುವುದಿಲ್ಲ. ಇವುಗಳಿಗೆ ದೀಪದ ದೋಷ ಕಾರಣವಾಗುವುದು ಅಪರೂಪ. ಪೊಟ್ಟಣ ಬಿಚ್ಚಿದ ಕೂಡಲೇ ಪಟ್ಟಿಯನ್ನು ಅಂಟಿಸಿ, ಆಮೇಲೆ ವೈರ್ ಎಲ್ಲಿಯವರೆಗೆ ಮುಟ್ಟುತ್ತದೆಯೋ ಅಲ್ಲಿ ಕರೆಂಟ್ ಹುಡುಕುವ ಅಭ್ಯಾಸವೇ ಹೆಚ್ಚಿನ ತೊಂದರೆಗಳ ಮೂಲ. ಈ ಮಾರ್ಗದರ್ಶಿ ಅದರ ತದ್ವಿರುದ್ಧ ಕ್ರಮದಲ್ಲಿ ಸಾಗುತ್ತದೆ: ಮೊದಲು ಕರೆಂಟಿನ ಮೂಲ, ನಂತರ ಅರ್ಥ್ (ಮೈನಸ್ ವೈರನ್ನು ಕಾರಿನ ಲೋಹದ ಬಾಡಿಗೆ ಜೋಡಿಸುವುದು), ನಂತರ ವೈರಿನ ದಾರಿ, ಎಲ್ಲ ಮುಗಿದ ಮೇಲೆ ಅಂಟು.

ಇಲ್ಲಿ ಹೇಳಿರುವುದೆಲ್ಲ 12 ವೋಲ್ಟ್ ಬ್ಯಾಟರಿಯ ಕಾರುಗಳಿಗೆ ಅನ್ವಯಿಸುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿಯೂ ಒಳದೀಪಗಳಿಗೆ 12 ವೋಲ್ಟ್ ವ್ಯವಸ್ಥೆಯೇ ಇರುತ್ತದೆ. ಆದರೆ ಆ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡರೂ ಅದರ ಹತ್ತಿರ ಕೈ ಹಾಕಬಾರದು, ಏಕೆಂದರೆ ಅದು ಪ್ರಾಣಾಪಾಯದ ವೋಲ್ಟೇಜ್ ಹರಿಯುವ ಕೇಬಲ್.

ಬೇಕಾಗುವ ಸಾಮಗ್ರಿ

ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬಲ್ಬ್ ಕಟ್ಟಿದ ಟೆಸ್ಟರ್ ಸಾಕೆಂದು ಹೇಳುವವರಿದ್ದಾರೆ. ಅದು ತಾನೇ ಸಾಕಷ್ಟು ಕರೆಂಟ್ ಎಳೆಯುವುದರಿಂದ ಏರ್‌ಬ್ಯಾಗ್ ಮತ್ತು ಕಂಪ್ಯೂಟರ್ ವೈರ್‌ಗಳ ಬಳಿ ಅದನ್ನು ಬಳಸುವುದು ಅಪಾಯ. ಮಲ್ಟಿಮೀಟರ್ ಜೊತೆಗೆ ಫ್ಯೂಸ್ ಟ್ಯಾಪ್ (ಕಾರಿನ ಫ್ಯೂಸ್ ಕಿಂಡಿಯಿಂದಲೇ ಹೊಸ ವೈರಿಗೆ ಕರೆಂಟ್ ಕೊಡುವ ಬಿಡಿಭಾಗ) ಒಂದು, 3 ಆಂಪಿಯರ್ ಫ್ಯೂಸ್‌ಗಳು, 0.5 ಚದರ ಮಿಲಿಮೀಟರ್ ದಪ್ಪದ ಕೆಂಪು ಮತ್ತು ಕಪ್ಪು ವೈರ್, ವೈರಿನ ತುದಿಗೆ ಹಾಕುವ ಉಂಗುರದಾಕಾರದ ಲೋಹದ ಲಗ್, ಲಗ್ ಒತ್ತುವ ಇಕ್ಕಳ, ಬೆಸುಗೆ ಕಡ್ಡಿ, ಬಿಸಿ ತಗುಲಿದರೆ ಕುಗ್ಗುವ ಸ್ಲೀವ್, ಕೇಬಲ್ ಟೈ, ಪ್ಲಾಸ್ಟಿಕ್ ಮೀಟುಗೋಲು ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು.

ಟೇಪಿನ ವಿಷಯದಲ್ಲಿ ಜಿಪುಣತನ ಬೇಡ. ಮನೆಯ ವೈರಿಂಗಿಗೆ ಬಳಸುವ ಅಗ್ಗದ ಪಿವಿಸಿ ಟೇಪಿನ ಅಂಟು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕರಗಿ ಜಿಗುಟಾಗುತ್ತದೆ, ಸುತ್ತು ಬಿಚ್ಚಿಕೊಳ್ಳುತ್ತದೆ, ಜೋಡಣೆ ಬೆತ್ತಲಾಗುತ್ತದೆ. ಕಾರು ತಯಾರಕರು ವೈರ್ ಕಟ್ಟುಗಳಿಗೆ ಸುತ್ತುವ ಬಟ್ಟೆಯ ಟೇಪ್ ಶಾಖವನ್ನೂ ತಡೆಯುತ್ತದೆ, ವೈರ್ ಪ್ಲಾಸ್ಟಿಕ್ಕಿಗೆ ಬಡಿದು ಟಕಟಕ ಸದ್ದು ಮಾಡುವುದನ್ನೂ ತಪ್ಪಿಸುತ್ತದೆ.

ಚಾವಣಿಯ ಬಲ್ಬ್ ಮಾತ್ರ ಬದಲಿಸುವವರಿಗೆ

ಚಾವಣಿಯ ದೀಪ ಹೆಚ್ಚು ಬೆಳಗಿದರೆ ಸಾಕೆನ್ನುವವರಿಗೆ ಮುಂದಿನ ಹಂತಗಳ ಅಗತ್ಯವಿಲ್ಲ. ದೀಪ ಆರಿಸಿ, ಗಾಜಿನಂತಹ ಮುಚ್ಚಳವನ್ನು ಪ್ಲಾಸ್ಟಿಕ್ ಕೋಲಿನಿಂದ ಮೀಟಿ, ಹಳೆಯ ಬಲ್ಬ್ ತಣ್ಣಗಾದ ಮೇಲೆ ತೆಗೆಯಬೇಕು. ಎರಡೂ ತುದಿಗೆ ಲೋಹದ ಟೋಪಿಯಿರುವ ಕೊಳವೆಯಾಕಾರದ ಬಲ್ಬ್ ಆಗಿದ್ದರೆ ಉದ್ದ ಅಳೆಯಿರಿ. 31, 36, 39 ಮತ್ತು 41 ಮಿಲಿಮೀಟರ್ ಸಾಮಾನ್ಯ ಅಳತೆಗಳು. ಚಿಕ್ಕದನ್ನು ತಂದು ಹಿಡಿಕೆಯನ್ನು ಒಳಕ್ಕೆ ಬಗ್ಗಿಸಿ ಕೂರಿಸಿದರೆ ಕುಲುಕಾಟದಲ್ಲಿ ಸಂಪರ್ಕ ತಪ್ಪುತ್ತದೆ. ಎಲ್‌ಇಡಿಗೆ ಪ್ಲಸ್ ಮತ್ತು ಮೈನಸ್ ಎಂಬ ದಿಕ್ಕುಂಟು. ಉರಿಯದಿದ್ದರೆ ಕೆಟ್ಟಿದೆಯೆಂದು ಹಿಂದಿರುಗಿಸುವ ಮೊದಲು ತಿರುಗಿಸಿ ಹಾಕಿ ನೋಡಿ.

ದೀಪ ಆರಿಸಿದ ಮೇಲೂ ಎಲ್‌ಇಡಿ ಮಂದವಾಗಿ ಮಿನುಗುತ್ತಿದ್ದರೆ ಕಾರಿನ ನಿಯಂತ್ರಣ ಘಟಕದಿಂದ ಸೋರುವ ಅಲ್ಪ ಕರೆಂಟ್ ಅದಕ್ಕೆ ಕಾರಣ. ಹಳೆಯ 5 ವ್ಯಾಟ್ ಬಲ್ಬನ್ನು ಬೆಳಗಿಸಲು ಸಾಲದ ಈ ಕರೆಂಟ್ ಎಲ್‌ಇಡಿಗೆ ಸಾಕಾಗುತ್ತದೆ. ಇಂತಹ ಕಾರುಗಳಿಗೆ ಒಳಗೇ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ) ಇರುವ ಕ್ಯಾನ್‌ಬಸ್ ಬಲ್ಬ್ ಹೊಂದುತ್ತದೆ. ಆದರೆ ಅದು ಬಿಸಿಯಾಗುವುದರಿಂದ ಮುಚ್ಚಳದ ಪ್ಲಾಸ್ಟಿಕ್ಕಿಗೆ ತಾಗದಂತೆ ಕೂರಬೇಕು.

ಹಂತ 1: ಜಾಗ ಮತ್ತು ಕರೆಂಟಿನ ಲೆಕ್ಕ

ಕಾಲಿಡುವ ಜಾಗಕ್ಕೆ ಬೆಳಕು ಬೀಳಬೇಕಾದರೆ ಡ್ಯಾಶ್‌ಬೋರ್ಡಿನ ಅಡಿಭಾಗವೂ ಮುಂದಿನ ಸೀಟುಗಳ ಕೆಳಗಿನ ಹಿಂಬದಿಯೂ ಸೂಕ್ತ. ಕುಳಿತವರ ಕಣ್ಣಿಗೆ ಎಲ್‌ಇಡಿಯ ಚುಕ್ಕೆಗಳು ಕಾಣಕೂಡದು, ಬೆಳಕು ಮಾತ್ರ ನೆಲದ ಮೇಲೆ ಕಾಣಬೇಕು. ಚುಕ್ಕೆ ಕಂಡರೆ ರಾತ್ರಿ ಮುಂಗಾಜಿನಲ್ಲಿ ಅದರ ಪ್ರತಿಬಿಂಬ ಕಂಡೇ ಕಾಣುತ್ತದೆ.

ಕೆಲವು ಜಾಗಗಳನ್ನು ಮೊದಲೇ ಕೈಬಿಡಬೇಕು. ಮುಂಗಾಜಿನ ಎರಡೂ ಪಕ್ಕದ ಕಂಬಗಳ ಹೊದಿಕೆಯ ಹಿಂದೆ ಪರದೆ ಏರ್‌ಬ್ಯಾಗ್ ಇರಬಹುದು, ಸ್ಟಿಯರಿಂಗ್ ಕೆಳಗಿನ ಫಲಕದಲ್ಲಿ ಮೊಣಕಾಲಿನ ಏರ್‌ಬ್ಯಾಗ್ ಇರಬಹುದು, ಸೀಟಿನ ಪಕ್ಕದಲ್ಲಿಯೂ ಒಂದಿರಬಹುದು. ಅದು ತೆರೆದುಕೊಳ್ಳುವ ದಾರಿಯಲ್ಲಿ ವೈರನ್ನಾಗಲಿ ಪಟ್ಟಿಯನ್ನಾಗಲಿ ಹಾಯಿಸಬಾರದು. ಹಳದಿ ಕನೆಕ್ಟರ್ ಅಥವಾ ಹಳದಿ ಕೊಳವೆಯ ವೈರ್ ಕಂಡಲ್ಲಿ ಅದು ಏರ್‌ಬ್ಯಾಗಿನದೆಂದೇ ತಿಳಿದು ಬಿಚ್ಚದೆ, ಮೀಟರ್ ಹಚ್ಚದೆ ದೂರವಿರಿ.

ಲೆಕ್ಕ ಸರಳ. ಒಂದು ಮೀಟರ್ ಉದ್ದಕ್ಕೆ 60 ಚಿಪ್ ಇರುವ 5050 ಬಗೆಯ ಪಟ್ಟಿ ಸುಮಾರು 14.4 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 1.2 ಆಂಪಿಯರ್ ಎಳೆಯುತ್ತದೆ. ನಾಲ್ಕು ಕಡೆ 30 ಸೆಂಟಿಮೀಟರ್‌ನಂತೆ 1.2 ಮೀಟರ್ ಹಾಕಿದರೆ ಒಟ್ಟು 1.44 ಆಂಪಿಯರ್. ಇಲ್ಲಿಗೆ ನಿಲ್ಲಿಸುವವರು ಒಂದು ಅಂಶವನ್ನು ಮರೆಯುತ್ತಾರೆ. ಎಂಜಿನ್ ಓಡುವಾಗ ವ್ಯವಸ್ಥೆಯ ವೋಲ್ಟೇಜ್ 13.8ರಿಂದ 14.5ರವರೆಗೆ ಏರುತ್ತದೆ. ಪಟ್ಟಿಯೊಳಗೆ ಮೂರು ಎಲ್‌ಇಡಿಗಳಿಗೆ ಒಂದು ರೆಸಿಸ್ಟರ್ ಇದ್ದು, ಹೆಚ್ಚಾದ ವೋಲ್ಟೇಜ್ ಬಹುಪಾಲು ಆ ರೆಸಿಸ್ಟರ್ ಮೇಲೆಯೇ ಬೀಳುವುದರಿಂದ ಕರೆಂಟ್ ಒಂದೂವರೆ ಪಟ್ಟಿನ ಆಸುಪಾಸಿಗೆ ಹೋಗಬಹುದು. ಹಾಗಾಗಿ 1.44 ಎಂದು ಲೆಕ್ಕ ಹಾಕಿದ್ದು ರಸ್ತೆಯಲ್ಲಿ ಎರಡನ್ನು ದಾಟಬಹುದು. ಇದಕ್ಕೆ 2 ಆಂಪಿಯರ್ ಫ್ಯೂಸ್ ಹಾಕಿದರೆ ಮನೆಯ ಮುಂದೆ ನಿಂತಾಗ ಸರಿಯಿದ್ದು ಹೆದ್ದಾರಿಯಲ್ಲಿ ಸುಡಬಹುದು. ಕೋಪದಿಂದ 15 ಹಾಕಿದರೆ, ಶಾರ್ಟ್ ಆದಾಗ ಫ್ಯೂಸ್ ಉಳಿದು ವೈರ್ ಸುಡಬಹುದು. ನೇರಳೆ ಬಣ್ಣದ 3 ಆಂಪಿಯರ್ ಇದಕ್ಕೆ ಸರಿಯಾದ ಫ್ಯೂಸ್.

ಹಂತ 2: ಸರಿಯಾದ ಫ್ಯೂಸ್ ಹುಡುಕುವುದು

ಈ ಹಂತ ಮುಗಿಯುವ ತನಕ ಬ್ಯಾಟರಿ ಬಿಚ್ಚಬಾರದು. ಮೊದಲೇ ಬಿಚ್ಚಿಟ್ಟು, ಮೀಟರ್ ಯಾವ ಫ್ಯೂಸಿಗೂ ಅಲುಗುವುದಿಲ್ಲವೆಂದು ಗಾಬರಿಯಾದವರು ಅನೇಕರು.

ಕೀ ತೆಗೆದಾಗ ಕರೆಂಟ್ ನಿಲ್ಲುವ, ಎಸಿಸಿ ಸ್ಥಾನಕ್ಕೆ (ಎಂಜಿನ್ ಓಡದೆ ರೇಡಿಯೋದಂತಹವುಗಳಿಗೆ ಮಾತ್ರ ಕರೆಂಟ್ ಸಿಗುವ ಕೀ ಸ್ಥಾನ) ತಿರುಗಿಸಿದಾಗ ಬರುವ ಫ್ಯೂಸ್ ನಮಗೆ ಬೇಕು. ಆಡಿಯೋ ಅಥವಾ ಚಾರ್ಜರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ ಹೊಂದುತ್ತದೆ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಹಿಂದಿರುವ ನಕ್ಷೆ ಅಥವಾ ಕಾರಿನ ಕೈಪಿಡಿ ನೋಡಿ ಅದನ್ನು ಗುರುತಿಸಬಹುದು. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್, ಇಂಧನ ಪಂಪ್ ಮತ್ತು ಬ್ರೇಕ್ ದೀಪದ ಫ್ಯೂಸ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ಪ್ರತಿ ಫ್ಯೂಸಿನ ಬೆನ್ನಿನ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆಗಳು ಕಾಣುತ್ತವೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟಿಗೆ ಹಿಡಿದು, ಕೆಂಪು ಕಡ್ಡಿಯನ್ನು ಆ ಚುಕ್ಕೆಗೆ ತಾಗಿಸಿ. ಎಸಿಸಿಯಲ್ಲಿ 12ರ ಆಸುಪಾಸು, ಕೀ ತೆಗೆದಾಗ ಸೊನ್ನೆ ಬರಬೇಕು. ತಕ್ಷಣ ಸೊನ್ನೆಯಾಗದಿದ್ದರೆ ಬಾಗಿಲು ತೆರೆದು ಮುಚ್ಚಿ, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ. ಕೆಲವು ಕಾರುಗಳು ಕೀ ತೆಗೆದ ಮೇಲೂ ಸ್ವಲ್ಪ ಹೊತ್ತು ಆ ಸಾಲಿಗೆ ಕರೆಂಟ್ ಉಳಿಸಿಕೊಂಡಿರುತ್ತವೆ.

ಫ್ಯೂಸನ್ನು ಹೊರಗೆ ತೆಗೆದು, ಕೀ ಎಸಿಸಿಯಲ್ಲಿರುವಾಗ ಎರಡು ಕಿಂಡಿಗಳಲ್ಲಿ ಯಾವುದಕ್ಕೆ ಕರೆಂಟ್ ಬರುತ್ತಿದೆಯೆಂದು ಅಳೆದು ಗುರುತು ಹಾಕಿಕೊಳ್ಳಿ. ಈ ಗುರುತು ಐದನೆಯ ಹಂತದಲ್ಲಿ ಬೇಕಾಗುತ್ತದೆ. ತೆಗೆದ ಫ್ಯೂಸನ್ನು ಜೊತೆಗೆ ಒಯ್ದೇ ಫ್ಯೂಸ್ ಟ್ಯಾಪ್ ಕೊಳ್ಳಿ. ಮಿನಿ, ಗಿಡ್ಡ ಮಿನಿ ಮತ್ತು ಮೈಕ್ರೋ ಬಗೆಗಳು ದೂರದಿಂದ ಒಂದೇ ತರಹ ಕಂಡರೂ ಒಂದರ ಜಾಗದಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ, ಬಲವಂತವಾಗಿ ಕೂರಿಸಿದರೆ ಕಿಂಡಿಯ ಹಿಡಿತ ಸಡಿಲವಾಗಿ ಮುಂದೆ ಅಲ್ಲಿಯೇ ಬಿಸಿಯೇರುತ್ತದೆ.

ಹಂತ 3: ಬ್ಯಾಟರಿ ಬಿಚ್ಚುವುದು

ಕೀಯನ್ನು ಕಾರಿನಿಂದ ದೂರವಿಟ್ಟು, ಮೈನಸ್ ಟರ್ಮಿನಲ್ ಒಂದನ್ನೇ ಬಿಚ್ಚಿ. ಪ್ಲಸ್ ಬಿಚ್ಚುವ ಅಗತ್ಯವಿಲ್ಲ. ಅದನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಬಿಚ್ಚಿದ ಮೇಲೂ ಏರ್‌ಬ್ಯಾಗ್ ಘಟಕದಲ್ಲಿ ಕೆಲವು ನಿಮಿಷ ವಿದ್ಯುತ್ ಸಂಗ್ರಹವಿರುವುದರಿಂದ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು ಕೆಲಸ ಆರಂಭಿಸಬೇಕು. ರೇಡಿಯೋ ಕೋಡ್ ಕೇಳುವ ಹಳೆಯ ಕಾರಾದರೆ ಕೋಡ್ ಕೈಯಲ್ಲಿರಲಿ.

ಹಂತ 4: ಅರ್ಥ್

ಮಿಣುಕುವ ದೀಪಗಳಲ್ಲಿ ಹೆಚ್ಚಿನವು ಅರ್ಥ್ ಸರಿಯಿಲ್ಲದೆ ಮಿಣುಕುತ್ತವೆ. ಕೈಗೆ ಸಿಕ್ಕಿದ ಸ್ಕ್ರೂ ಒಂದನ್ನು ಸಡಿಲಿಸಿ ಅದರಡಿ ಬೆತ್ತಲೆ ವೈರನ್ನು ಸುತ್ತಿಬಿಡುವುದು ಎಲ್ಲರೂ ಮಾಡುವ ತಪ್ಪು. ಡ್ಯಾಶ್‌ಬೋರ್ಡಿನಡಿ ಕಾಣುವ ಅನೇಕ ಸ್ಕ್ರೂಗಳು ಪ್ಲಾಸ್ಟಿಕ್ಕಿಗೆ ಮಾತ್ರ ಹಿಡಿದಿರುತ್ತವೆ. ಬಾಡಿಗೆ ಹಿಡಿದ ಬೋಲ್ಟ್ ಆದರೂ ಅದರ ಸುತ್ತ ಬಣ್ಣವಿರುತ್ತದೆ, ಬಣ್ಣದ ಮೂಲಕ ಕರೆಂಟ್ ಹರಿಯುವುದಿಲ್ಲ.

ಒಂದು ಬೋಲ್ಟ್ ಆರಿಸಿ, ಬಿಚ್ಚಿ, ಲಗ್ ಕೂರುವಷ್ಟೇ ಅಗಲಕ್ಕೆ ಉಪ್ಪುಕಾಗದದಿಂದ ಉಜ್ಜಿ. ಮೊದಲು ಬಣ್ಣ ಹೋಗಿ ಮಂದ ಬೂದು ಪದರ ಕಾಣುತ್ತದೆ. ಅದು ಪ್ರೈಮರ್, ಅಲ್ಲಿಗೇ ನಿಲ್ಲಿಸಬೇಡಿ. ತಗಡು ಬೆಳ್ಳಿಯಂತೆ ಹೊಳೆದಾಗ ನಿಲ್ಲಿಸಿ. ವೈರಿನ ತುದಿಗೆ ಉಂಗುರದ ಲಗ್ ಒತ್ತಿ, ಹಲ್ಲಿನ ವಾಷರ್ ಇಟ್ಟು ಬಿಗಿಯಿರಿ. ಈಗ ಮೀಟರನ್ನು ಓಮ್‌ಗೆ ಇಟ್ಟು, ಕಳಚಿಟ್ಟ ಮೈನಸ್ ಕೇಬಲ್ಲಿನ ತುದಿಗೂ ಈ ಲಗ್‌ಗೂ ನಡುವೆ ಅಳೆಯಿರಿ. ಮೀಟರಿನ ಎರಡು ಕಡ್ಡಿಗಳನ್ನು ಪರಸ್ಪರ ತಾಗಿಸಿದಾಗ ಬರುವ ಅಂಕಿಯನ್ನು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಸೊನ್ನೆಯಾಗಿರಬೇಕು. ಕಡ್ಡಿ ಮುಟ್ಟಲು ಉದ್ದದ ವೈರ್ ಬೇಕಾದೀತು, ಸೋಮಾರಿತನದಿಂದ ಇದನ್ನು ಬಿಡಬೇಡಿ. ಸೀಟ್‌ಬೆಲ್ಟಿನ ಬೋಲ್ಟನ್ನು ಮಾತ್ರ ಅರ್ಥ್‌ಗಾಗಿ ಎಂದೂ ಸಡಿಲಿಸಬಾರದು. ಏರ್‌ಬ್ಯಾಗ್ ಘಟಕದ ಅರ್ಥ್ ಬಿಂದುವನ್ನೂ ಹಂಚಿಕೊಳ್ಳಬಾರದು.

ಹಂತ 5: ಫ್ಯೂಸ್ ಟ್ಯಾಪ್ ಮತ್ತು ವೈರಿನ ದಾರಿ

ಫ್ಯೂಸ್ ಟ್ಯಾಪಿನಲ್ಲಿ ಎರಡು ಫ್ಯೂಸಿಗೆ ಜಾಗವಿದೆ. ಒಂದರಲ್ಲಿ ಕಾರಿನ ಹಳೆಯ ಫ್ಯೂಸ್, ಇನ್ನೊಂದರಲ್ಲಿ ನಮ್ಮ 3 ಆಂಪಿಯರ್ ಫ್ಯೂಸ್ ಕೂರುತ್ತದೆ. ಟ್ಯಾಪಿನ ಎರಡು ಕಾಲುಗಳಲ್ಲಿ ಒಂದು ಎರಡೂ ಫ್ಯೂಸಿಗೆ ಸಂಪರ್ಕ ಹೊಂದಿರುತ್ತದೆ, ಮೀಟರಿನಿಂದ ಅದನ್ನು ಪತ್ತೆಮಾಡಬಹುದು. ಆ ಕಾಲು ನಾವು ಗುರುತಿಟ್ಟ, ಕರೆಂಟ್ ಬರುವ ಕಿಂಡಿಗೆ ಹೋಗಬೇಕು. ತಿರುಗಿಸಿ ಹಾಕಿದರೂ ದೀಪ ಉರಿಯುತ್ತದೆ, ಆದ್ದರಿಂದಲೇ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆಗ ನಮ್ಮ ದೀಪದ ಕರೆಂಟೂ ಹಳೆಯ ಫ್ಯೂಸಿನ ಮೂಲಕವೇ ಹರಿದು, ಅದರ ಮೇಲೆ ಎರಡು ಹೊರೆ ಬೀಳುತ್ತದೆ.

ವೈರನ್ನು ಕಾರಿನ ಮೂಲ ವೈರ್ ಕಟ್ಟಿನ ಜೊತೆಗೇ ಒಯ್ದು, ಗೇಣಿಗೊಂದರಂತೆ ಕೇಬಲ್ ಟೈ ಹಾಕಿ. ಪೆಡಲುಗಳ ಹಿಂದೆ, ಸ್ಟಿಯರಿಂಗ್ ಕಂಬದ ಸುತ್ತ ಮತ್ತು ಸೀಟು ಜಾರುವ ಹಳಿಯ ಮೇಲೆ ವೈರ್ ಹಾಯಬಾರದು. ಹಿಂದಿನ ಪಟ್ಟಿಗೆ ಹೋಗುವ ವೈರ್ ನೆಲದ ಹಾಸಿನಡಿ, ಬಾಗಿಲಿನ ಹೊಸ್ತಿಲ ಪಟ್ಟಿಯ ಒಳಗೆ ಹೋಗಲಿ. ಸೀಟಿನಡಿ ಚಲಿಸುವ ಭಾಗಕ್ಕೆ ಅಂಟಿಸುವುದಾದರೆ ಸೀಟನ್ನು ಪೂರ್ತಿ ಮುಂದಕ್ಕೂ ಪೂರ್ತಿ ಹಿಂದಕ್ಕೂ ಸರಿಸಿ ವೈರಿನ ಸಡಿಲು ಸಾಕೇ ಎಂದು ನೋಡಬೇಕು.

ಮೂಲ ವೈರಿನ ಹೊದಿಕೆಯನ್ನು ಕಚ್ಚಿ ಸಂಪರ್ಕ ಕೊಡುವ ಕ್ಲಿಪ್ಪುಗಳು ಕೆಲಸವನ್ನು ಬೇಗ ಮುಗಿಸುತ್ತವೆ. ಎಳೆಗಳನ್ನು ಕತ್ತರಿಸಿ, ತೇವ ನುಗ್ಗಿಸಿ, ವರ್ಷದ ಮೇಲೆ ತೊಂದರೆ ಕೊಡುವುದೂ ಅವೇ. ನನ್ನ ಕಾರಿನಲ್ಲಿ ಅವುಗಳಿಗೆ ಜಾಗವಿಲ್ಲ.

ಹಂತ 6: ಪಟ್ಟಿ ಕತ್ತರಿಸುವುದು ಮತ್ತು ಬೆಸುಗೆ

12 ವೋಲ್ಟಿನ ಪಟ್ಟಿಯನ್ನು ಸಾಮಾನ್ಯವಾಗಿ ಮೂರು ಎಲ್‌ಇಡಿಗಳಿಗೊಮ್ಮೆ, ಕತ್ತರಿ ಗುರುತಿರುವ ತಾಮ್ರದ ಬಿಂದುಗಳ ನಡುವೆಯೇ ಕತ್ತರಿಸಬೇಕು. ಬೇರೆಡೆ ಕತ್ತರಿಸಿದರೆ ಆ ತುಂಡಿನ ಎಲ್‌ಇಡಿಗಳು ಉರಿಯುವುದಿಲ್ಲ. ತಾಮ್ರದ ಬಿಂದುವಿನ ಮೇಲೆ ಮೊದಲು ಸ್ವಲ್ಪ ಬೆಸುಗೆ ಸೀಸ ಹತ್ತಿಸಿ, ವೈರಿನ ತುದಿಗೂ ಹತ್ತಿಸಿ, ಆಮೇಲೆ ಎರಡನ್ನೂ ಜೋಡಿಸಿ ಎರಡು ಮೂರು ಸೆಕೆಂಡಿನಲ್ಲಿ ಕಡ್ಡಿ ಎತ್ತಿಬಿಡಿ. ಹೆಚ್ಚು ಹೊತ್ತು ಒತ್ತಿದರೆ ತಾಮ್ರ ಪಟ್ಟಿಯಿಂದ ಎದ್ದು ಬರುತ್ತದೆ. ಬೆಸುಗೆಯ ಮೇಲೆ ಕುಗ್ಗುವ ಸ್ಲೀವ್ ಹಾಕಿ, ವೈರಿನ ಎಳೆತ ಬೆಸುಗೆಯ ಮೇಲೆ ಬೀಳದಂತೆ ಕಟ್ಟಿ.

ಬಣ್ಣ ಬದಲಿಸುವ ನಾಲ್ಕು ವೈರಿನ ಪಟ್ಟಿಯಲ್ಲಿ ಎಡವುವ ಅಪಾಯವೊಂದಿದೆ. ಕೆಂಪು, ಹಸಿರು, ನೀಲಿ ವೈರ್‌ಗಳ ಜೊತೆಗಿರುವ ನಾಲ್ಕನೆಯದು ಅನೇಕ ಪಟ್ಟಿಗಳಲ್ಲಿ ಕಪ್ಪಾಗಿದ್ದು, ಅದೇ ಪ್ಲಸ್! ಕಪ್ಪು ಎಂದರೆ ಮೈನಸ್ ಎಂಬ ರೂಢಿಯಂತೆ ಅದನ್ನು ಬಾಡಿಗೆ ಕಟ್ಟಿದರೆ ಫ್ಯೂಸ್ ಆ ಕ್ಷಣವೇ ಹೋಗುತ್ತದೆ, ಇಲ್ಲವೇ ನಿಯಂತ್ರಕವೇ (ಬಣ್ಣ ಬದಲಿಸುವ ಪುಟ್ಟ ಪೆಟ್ಟಿಗೆ) ಸುಡುತ್ತದೆ. ಪಟ್ಟಿಯ ಮೇಲೆ ಯಾವ ಬಿಂದುವಿನ ಪಕ್ಕ 12 ಎಂದು ಮುದ್ರಿಸಿದೆಯೋ ಅದನ್ನು ನಂಬಿ, ವೈರಿನ ಬಣ್ಣವನ್ನಲ್ಲ. ಮೂರು ಬಣ್ಣದ ವೈರ್‌ಗಳು ನಿಯಂತ್ರಕಕ್ಕೆ ಮಾತ್ರ ಹೋಗಬೇಕು. ಅವುಗಳಲ್ಲೊಂದು ಎಲ್ಲಿಯಾದರೂ ಉಜ್ಜಿಹೋಗಿ ಬಾಡಿಗೆ ತಾಗಿದರೆ ಆ ಬಣ್ಣ ರಿಮೋಟಿನ ಮಾತು ಕೇಳದೆ ಪೂರ್ಣ ಪ್ರಕಾಶದಲ್ಲಿ ಉರಿಯುತ್ತದೆ.

ಹಂತ 7: ಅಂಟಿಸುವ ಮೊದಲಿನ ಪರೀಕ್ಷೆ

ಪಟ್ಟಿಗಳನ್ನು ತಾತ್ಕಾಲಿಕವಾಗಿ ಕಾಗದದ ಟೇಪಿನಲ್ಲಿ ನಿಲ್ಲಿಸಿ, ಬ್ಯಾಟರಿ ಜೋಡಿಸಿ ಉರಿಸಿ ನೋಡಿ. ಸುರುಳಿಯಾಗಿರುವಾಗಲೇ ಹೆಚ್ಚು ಹೊತ್ತು ಉರಿಸಬಾರದು, ಶಾಖ ಹೊರಹೋಗದೆ ಪಟ್ಟಿ ಹಾಳಾಗುತ್ತದೆ. ಎಂಜಿನ್ ಓಡಿಸಿ ಅರ್ಧ ಗಂಟೆ ಉರಿಯಲು ಬಿಟ್ಟು, ಫ್ಯೂಸ್ ಟ್ಯಾಪ್, ಲಗ್ ಮತ್ತು ಪ್ರತಿ ಬೆಸುಗೆಯನ್ನು ಬೆರಳಿನಿಂದ ಮುಟ್ಟಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಬೆರಳು ಇಡಲಾಗದಷ್ಟು ಬಿಸಿಯಿದ್ದರೆ, ಪ್ಲಾಸ್ಟಿಕ್ ಕಂದಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ದೀಪ ಆರಿಸಿ ಆ ಜೋಡಣೆಯನ್ನು ಹೊಸದಾಗಿ ಮಾಡಿ.

ಬಿಳಿ ಬೆಳಕು ಪಟ್ಟಿಯ ತುದಿಗೆ ಹೋದಂತೆ ಕೆಂಪಾದರೆ ದಾರಿಯಲ್ಲಿ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ನೀಲಿ ಎಲ್‌ಇಡಿಗೆ ಕೆಂಪಿಗಿಂತ ಹೆಚ್ಚಿನ ವೋಲ್ಟೇಜ್ ಬೇಕಾದ್ದರಿಂದ ಮೊದಲು ಸೊರಗುವುದು ಅದೇ. ದೀಪ ಉರಿಯುವಾಗ ಎಫ್‌ಎಂ ರೇಡಿಯೋದಲ್ಲಿ ಕರಕರ ಸದ್ದು ಬಂದರೆ ಅದು ಅಗ್ಗದ ನಿಯಂತ್ರಕದ ಕಾಟ. ಅದನ್ನು ಆಂಟೆನಾ ವೈರಿನಿಂದ ದೂರ ಸರಿಸಿ, ಸಾಲದಿದ್ದರೆ ಬದಲಿಸಿ.

ಕತ್ತಲಾದ ಮೇಲೆ ಚಾಲಕನ ಸೀಟಿನಲ್ಲಿ ಕುಳಿತು ಮುಂಗಾಜನ್ನೂ ಪಕ್ಕದ ಕನ್ನಡಿಗಳನ್ನೂ ನೋಡಿ. ಎಲ್ಲಿಯಾದರೂ ಪ್ರತಿಬಿಂಬ ಕಂಡರೆ ಪಟ್ಟಿಯನ್ನು ಒಳಕ್ಕೆ ಸರಿಸುವುದಕ್ಕೆ ಇದೇ ಕೊನೆಯ ಸುಲಭ ಅವಕಾಶ. ಹೊರಗಿನಿಂದಲೂ ಒಮ್ಮೆ ನೋಡಿ. ತುರ್ತು ವಾಹನಗಳ ದೀಪವನ್ನು ಹೋಲುವ ಕೆಂಪು ಮತ್ತು ನೀಲಿ ಬೆಳಕು ಹೊರಗೆ ಕಾಣುವುದಕ್ಕೆ ಹಲವು ಕಡೆ ನಿರ್ಬಂಧವಿದೆ.

ಹಂತ 8: ಅಂಟಿಸುವುದು

ಡ್ಯಾಶ್‌ಬೋರ್ಡಿಗೆ ಹಚ್ಚುವ ಹೊಳಪಿನ ದ್ರಾವಣದಲ್ಲಿರುವ ಸಿಲಿಕೋನ್ ಅಂಟಿನ ಮೊದಲ ಶತ್ರು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಬಾರಿ ಒರೆಸಿ, ಎರಡನೆಯ ಬಟ್ಟೆಗೆ ಕೊಳೆ ಹತ್ತದಿದ್ದಾಗ ಮಾತ್ರ ಮುಂದುವರಿಯಿರಿ. ಚಳಿಯಲ್ಲಿ ಪ್ಲಾಸ್ಟಿಕ್ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ. ಪಟ್ಟಿಯನ್ನು ಎಳೆದು ಬಿಗಿಯಾಗಿ ಅಂಟಿಸದೆ, ಸಹಜವಾಗಿ ಇಟ್ಟು, ಎಲ್‌ಇಡಿಗಳ ನಡುವಿನ ಜಾಗದಲ್ಲಿ ಬೆರಳಿನಿಂದ ಒತ್ತಿ ಹಿಡಿಯಿರಿ.

ನಿಲ್ಲಿಸಿದ ಕಾರಿನೊಳಗೆ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುವುದರಿಂದ ಅಂಟನ್ನು ಮಾತ್ರ ನಂಬಬಾರದು. ಗೇಣಿಗಿಂತ ಕಡಿಮೆ ಅಂತರಕ್ಕೆ ಕ್ಲಿಪ್ ಅಥವಾ ಕೇಬಲ್ ಟೈ ಇರಲೇಬೇಕು, ಚಾಲಕನ ಬದಿಯಲ್ಲಂತೂ ಕಡ್ಡಾಯ. ಕಿತ್ತುಬಂದ ಪಟ್ಟಿಯ ಕುಣಿಕೆಯೊಳಗೆ ಬೂಟಿನ ತುದಿ ಸಿಕ್ಕಿ, ಬ್ರೇಕ್ ಮೇಲೆ ಕಾಲು ಹೋಗಲು ತಡವಾಗುವುದು ಈ ಇಡೀ ಕೆಲಸದಲ್ಲಿ ಎದುರಾಗಬಹುದಾದ ಅತಿ ಕೆಟ್ಟ ಅಪಾಯ. ಅಂಟಿಸಿದ ಮೇಲೆ ಒಂದು ದಿನ ಪಟ್ಟಿಯನ್ನು ಮುಟ್ಟದೆ ಬಿಡಿ.

ಹಂತ 9: ಸೋರುವ ಕರೆಂಟ್ ಅಳೆಯುವುದು

ಬ್ಲೂಟೂತ್ ಅಥವಾ ರಿಮೋಟ್ ನಿಯಂತ್ರಕ ದೀಪ ಆರಿದಾಗಲೂ ಎಚ್ಚರವಾಗಿದ್ದು ಕರೆಂಟ್ ಎಳೆಯುತ್ತದೆ. ಹೆಚ್ಚುವರಿಯಾಗಿ 50 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 1.2 ಆಂಪಿಯರ್‌ಗಂಟೆ ಹೋಗುತ್ತದೆ. 45 ಆಂಪಿಯರ್‌ಗಂಟೆಯ ಹೊಸ ಬ್ಯಾಟರಿಯ ಅರ್ಧ ಶಕ್ತಿ ಮೂರು ವಾರದೊಳಗೆ ಮುಗಿಯುತ್ತದೆ, ಹಳೆಯ ಬ್ಯಾಟರಿ ಅಷ್ಟೂ ತಾಳುವುದಿಲ್ಲ.

ಮೀಟರನ್ನು 10 ಆಂಪಿಯರ್ ಸ್ಥಾನಕ್ಕೆ ಇಟ್ಟು, ಕೆಂಪು ಕಡ್ಡಿಯ ವೈರನ್ನು ಮೀಟರಿನ 10 ಎಂದು ಬರೆದ ರಂಧ್ರಕ್ಕೆ ಬದಲಿಸಿ, ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೂ ಬಿಚ್ಚಿದ ಕೇಬಲ್ಲಿಗೂ ನಡುವೆ ಸೇರಿಸಿ. ಬಾಗಿಲುಗಳು ಮುಚ್ಚಿದ್ದು, ಕೀ ದೂರವಿರಲಿ. ಕಾರಿನ ಘಟಕಗಳೆಲ್ಲ ನಿದ್ರೆಗೆ ಹೋಗಲು ಅರ್ಧ ಗಂಟೆಗೂ ಮೀರಿ ಬೇಕಾಗಬಹುದು. ಅಲ್ಲಿಯವರೆಗೆ ಕಾಣುವ ದೊಡ್ಡ ಅಂಕಿಗೆ ಅಂಜಬೇಡಿ. ಮೀಟರ್ ಹೀಗೆ ಸೇರಿರುವಾಗ ಕಾರು ಸ್ಟಾರ್ಟ್ ಮಾಡಿದರೆ ಮೀಟರಿನೊಳಗಿನ ಫ್ಯೂಸ್ ಹೋಗುತ್ತದೆ.

ಅಂಕಿ 50 ಮಿಲಿಆಂಪಿಯರ್‌ಗಿಂತ ಕೆಳಗೆ ನಿಂತರೆ ಕೆಲಸ ಮುಗಿಯಿತು. ನಿಲ್ಲದಿದ್ದರೆ ನಾವು ಹಾಕಿದ 3 ಆಂಪಿಯರ್ ಫ್ಯೂಸನ್ನು ಮಾತ್ರ ಎಳೆದು ನೋಡಿ. ಅಂಕಿ ಅಲ್ಲಿಯೇ ಇದ್ದರೆ ಸೋರಿಕೆ ಕಾರಿನಲ್ಲಿ ಮೊದಲೇ ಇದ್ದದ್ದು. ಅಂಕಿ ಇಳಿದರೆ ಎರಡನೆಯ ಹಂತದಲ್ಲಿ ಆರಿಸಿದ ಫ್ಯೂಸ್ ಸದಾ ಕರೆಂಟ್ ಇರುವ ಸಾಲಿನದು. ಟ್ಯಾಪನ್ನು ಅಲ್ಲಿಂದ ಕಿತ್ತು, ಎಸಿಸಿ ಸಾಲಿನ ಬೇರೊಂದು ಫ್ಯೂಸನ್ನು ಅಳೆದು ಅಲ್ಲಿಗೆ ಹಾಕಬೇಕು.